ಮೂರೋ ಎಂಟೋ

ಲಿಯೆಪಾಯಾ ಬಂದರಿನ ಉತ್ತರದ ಅಲೆತಡೆಯ ಮೇಲೆ
ಫೆಬ್ರವರಿಗೆ ಹಲ್ಲುಗಳಿವೆ.
ಮೊದಲು ಕಚ್ಚುವುದು ಬೆರಳ ತುದಿಯನ್ನೇ.
ಆದರೂ ಬಲಗೈ ಗವಸಿನ ತೋರುಬೆರಳನ್ನು
ಕತ್ತರಿಯಿಂದ ಕತ್ತರಿಸಿಬಿಟ್ಟಿದ್ದೇನೆ.

ಅಲ್ಲಿ, ಹಡಗು ಕಟ್ಟುವ ತುಕ್ಕುಗಂಬದ ಮೇಲೆ
ಕಡಲಹಕ್ಕಿ ನಿಂತಿದೆ, ಒಂಟಿ ಕಾಲಲ್ಲಿ,
ಉಂಗುರವಿರುವ ಕಾಲನ್ನೇ
ಹೊಟ್ಟೆಯ ಗರಿಯೊಳಗೆ ಬಚ್ಚಿಟ್ಟುಕೊಂಡು.
ಬೇಕೆಂದೇ ಮಾಡುತ್ತದೆ, ಅನ್ನುತ್ತಾನೆ ಮೋದ್ರಿಸ್.

ಆ ಹಳದಿ ಉಂಗುರದಲ್ಲಿ ನಾಲ್ಕು ಗುರುತು.
ಓದಿ ಬರೆದು ಕಳಿಸಿದರೆ
ಯಾವ ದ್ವೀಪದ ಗೂಡು, ವಯಸ್ಸೆಷ್ಟು,
ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿದವರು ಯಾರು,
ಎಲ್ಲ ತಿಳಿಯುತ್ತದೆ.
ಮುಕ್ಕಾಲು ಓದಿದರೆ ಏನೂ ತಿಳಿಯುವುದಿಲ್ಲ.
ನಿನ್ನೆಯ ಹನ್ನೊಂದು ಚಿತ್ರಗಳಲ್ಲಿ
ಮೊದಲ ಮೂರು ಸ್ಪಷ್ಟ.
ಕೊನೆಯದು ಮೂರೋ, ಎಂಟೋ.

ಮೋದ್ರಿಸ್ ಹಡಗು ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವನು.
ಈ ಉದ್ದ ಲೆನ್ಸು ಅವನದು, ಸಾಲ.
ಕಲಿಸಿದ್ದೂ ಅವನೇ, ಬೈಯುತ್ತ ಬೈಯುತ್ತ:
ಎಡಗೈ ಲೆನ್ಸಿನ ಅಡಿಗೆ, ಇನ್ನೂ ಮುಂದಕ್ಕೆ,
ಬಿಸಿ ಹಾಲಿನ ಪಾತ್ರೆ ಹೊತ್ತಂತೆ.
ಮೊಣಕೈ ಪಕ್ಕೆಲುಬಿಗೆ ಅಂಟಲಿ, ಬೆನ್ನು ದೀಪದ ಕಂಬಕ್ಕೆ.
ಇದಕ್ಕಿಂತ ಒಳ್ಳೆ ಗಂಡ ಸಿಗುವುದಿಲ್ಲ, ಸ್ಕೈದ್ರೀತೆ,
ಅಲುಗುವುದಿಲ್ಲ, ಎದುರಾಡುವುದಿಲ್ಲ.
ಲೆನ್ಸು ಆರುನೂರಕ್ಕೆ ಚಾಚಿದಾಗ
ಸೆಕೆಂಡನ್ನು ಸಾವಿರ ಹೋಳು ಮಾಡು, ಕಡಿಮೆ ಬೇಡ.
ಬೆಳಕು ಸಾಲದೆ ಚಿತ್ರ ಮರಳುಮರಳಾದರೆ ಆಗಲಿ.
ಮರಳಲ್ಲಿ ಬರೆದದ್ದನ್ನು ಓದಬಹುದು,
ನೀರಲ್ಲಿ ಬರೆದದ್ದನ್ನಲ್ಲ.
ಉಸಿರು ಬಿಡು. ಪೂರ್ತಿ ಅಲ್ಲ.
ಅರ್ಧದಾರಿಯಲ್ಲಿ ಒಂದು ಮೆಟ್ಟಿಲಿದೆ,
ಅಲ್ಲಿ ಕೂತು ಗುಂಡಿಯನ್ನು ಮೆಲ್ಲಗೆ ಅದುಮು.
ಕುಕ್ಕಬೇಡ. ಕುಕ್ಕುವುದು ಹಕ್ಕಿಯ ಕೆಲಸ.

ಕಲಿತೆ. ಅವನು ಹೇಳದೆ ಬಿಟ್ಟದ್ದೊಂದಿತ್ತು:
ಇಷ್ಟುದ್ದದ ಗಾಜು
ದೂರವನ್ನಷ್ಟೇ ದೊಡ್ಡದು ಮಾಡುವುದಿಲ್ಲ.
ಎಪ್ಪತ್ತೊಂದರ ಎದೆ ಒಮ್ಮೆ ಬಡಿದರೆ
ಕಂಬ, ಕಡಲು, ಹಕ್ಕಿ ಒಟ್ಟಿಗೇ ಜಿಗಿಯುತ್ತವೆ.
ಬೆಳಿಗ್ಗೆ ಕುಡಿದ ಎರಡನೇ ಕಾಫಿಯೂ ಅಲ್ಲಿ ಕಾಣುತ್ತದೆ.
ಕೊಳವೆಯೊಳಗೆ ನಡುಕ ತಡೆವ ಯಂತ್ರ
ಸೆರೆಸಿಕ್ಕ ಜೇನಿನಂತೆ ಗುಂಯ್‌ಗುಡುತ್ತದೆ,
ಪಾಪ, ತನ್ನ ಕೈಲಾದಷ್ಟು ಮಾಡುತ್ತದೆ.

ಮೂವತ್ತೆರಡು ವರ್ಷ ಅಂಚೆ ವಿಂಗಡಿಸಿದ ಕೈ ಇದು.
ಕುಡುಕರ, ಮಕ್ಕಳ, ಲಕ್ವ ಹೊಡೆದವರ
ಬರಹ ಓದಿದ ಕಣ್ಣು.
ನಿಯಮ ಒಂದೇ: ಊಹಿಸಬಾರದು.
ಓದಲಾಗದ್ದು ಗೋಡೆಬದಿಯ ಬೂದು ಕಪಾಟಿಗೆ.
ಒಂದು ಸಲ, ಸಂಜೆಯ ಪಾಳಿ ಮುಗಿಯುವಾಗ,
ಯಾವುದೋ ಹಡಗಿನಿಂದ ಬಂದ ಲಕೋಟೆ,
ಉಪ್ಪುನೀರು ತಾಗಿ ಮನೆಯ ನಂಬರು ಕದಡಿತ್ತು.
ಎಂಟು, ಅಂದುಕೊಂಡೆ. ಬಸ್ಸು ಹೊರಡುವುದರಲ್ಲಿತ್ತು.
ಎಂಟನೇ ನಂಬರಿನವರು ಅದನ್ನು ಹಿಂದಿರುಗಿಸಲಿಲ್ಲ.
ಮೂರನೇ ನಂಬರಿನ ಹೆಂಗಸು ವಸಂತದವರೆಗೂ
ಕಿಟಕಿಗೆ ಬಂದು ಕೇಳುತ್ತಿದ್ದಳು,
ನನಗೇನಾದರೂ?
ಇಲ್ಲ, ಅನ್ನುತ್ತಿದ್ದೆ.
ಪ್ರತಿ ಸಲವೂ ಅದು ನಿಜವೇ ಆಗಿತ್ತು.

ಇವತ್ತು ಗಾಳಿ ತಿರುಗಿದೆ.
ಮೀನುದೋಣಿಯೊಂದು ಒಳಬರುತ್ತಿದ್ದಂತೆ
ಹಕ್ಕಿ ಕಾಲಿಳಿಸಿತು. ಹಳದಿ!
ಮೊಣಕೈ, ಪಕ್ಕೆಲುಬು, ಕಂಬ, ಮೆಟ್ಟಿಲು.
ಒಂಬತ್ತು ಸಲ ರೆಪ್ಪೆ ಬಡಿಯಿತು ಕ್ಯಾಮೆರಾ.

ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಎಂಟು ಮಸುಕು.
ಒಂಬತ್ತನೆಯದು ಎಷ್ಟು ಚೂಪೆಂದರೆ
ಕೊಕ್ಕಿನ ತುದಿಯ ಹನಿಯಲ್ಲಿ
ದೋಣಿ ತಲೆಕೆಳಗಾಗಿ ತೇಲುತ್ತಿದೆ.
ಉಂಗುರದ ಗೀರುಗಳನ್ನು ಎಣಿಸಬಹುದು.
ಕೊನೆಯ ಅಂಕಿಯ ಮೇಲೆ, ಸರಿಯಾಗಿ ಅದರ ಎಡ ಅರ್ಧದ ಮೇಲೆ,
ಒಂದು ಮೀನಿನ ಹುರುಪೆ ಅಂಟಿಕೊಂಡಿದೆ.

ಮೋದ್ರಿಸ್ ಕೆಮ್ಮು ಬರುವವರೆಗೂ ನಕ್ಕ.
ಎಂಟು ಅಂತ ಬರಿ, ಹಕ್ಕಿಯೇನು ದೂರು ಕೊಡುತ್ತದೆಯೇ?

ನೋಟುಪುಸ್ತಕದಲ್ಲಿ ಮೂರು ಗುರುತು ಬರೆದು
ನಾಲ್ಕನೆಯ ಜಾಗ ಖಾಲಿ ಬಿಟ್ಟೆ.

ಅದು ಮತ್ತೆ ಕಾಲೆತ್ತಿಕೊಂಡಿದೆ.
ಹುರುಪೆ ಒಣಗಿ ಉದುರಬೇಕು,
ಇಲ್ಲವೇ ಹಕ್ಕಿಯೇ ಕಾಲು ತೊಳೆಯಬೇಕು.
ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೇನೆ.
ನನಗೀಗ ಯಾವ ಬಸ್ಸೂ ಹಿಡಿಯಬೇಕಾಗಿಲ್ಲ.